ಹಿಂದೆ ನೋಡುವ ಸೀಟು

ದಡ ಹೊರಟಿದೆ, ದೋಣಿ ಅಲ್ಲ, ಬೆನ್ನು ಮುಂದಕ್ಕೆ ಮಾಡಿ ಕೂತವರಿಗೆ ಹೀಗೆಯೇ ಕಾಣುತ್ತದೋ ಏನೋ ಎಂದುಕೊಂಡಳು ವನಮಾಲಾ, ಮೊದಲು ವಾಟರ್ ಸ್ಕೀ ಕ್ಲಬ್ಬಿನ ಮರದ ಜೆಟ್ಟಿ ಜಾರಿತು, ಅದರ ಹಿಂದೆ ಪಾಚಿಗಟ್ಟಿದ ಮೆಟ್ಟಿಲು, ಮೆಟ್ಟಿಲ ಮೇಲೆ ತಾವು ತಂದಿಟ್ಟ ಕಾಫಿಯ ಫ್ಲಾಸ್ಕು, ಇಷ್ಟು ವರ್ಷ ಇದೇ ದೋಣಿಯ ಹಿಂದೆ ನೀರಿನ ಮೇಲೆ ಜಾರಿದವಳಿಗೆ ದೋಣಿಯೊಳಗಿಂದ ಹಿಂದಕ್ಕೆ ನೋಡಿದರೆ ಏನು ಕಾಣುತ್ತದೆಂದು ಗೊತ್ತೇ ಇರಲಿಲ್ಲವಲ್ಲ, ವಿಚಿತ್ರ, ಒಂದೇ ಮನೆಯಲ್ಲಿ ಹುಟ್ಟಿ ಬೆಳೆದು ಅದರ ಹಿತ್ತಿಲ ಬಾಗಿಲನ್ನೇ ನೋಡದವರ ಹಾಗೆ — ಹಗ್ಗ ಸುರುಳಿ ಬಿಚ್ಚುತ್ತಾ ಸುತ್ತು ಸುತ್ತಾಗಿ ನೀರಿಗೆ ಇಳಿಯುತ್ತಿದೆ, ಹಳದಿ ಹಗ್ಗ, ಅದರ ತುದಿಯ ಹಿಡಿಕೆ ಅಲ್ಲಿ, ಜೆಟ್ಟಿಯಿಂದ ಸ್ವಲ್ಪ ಈಚೆ, ಕಿತ್ತಳೆ ಬಣ್ಣದ ಜಾಕೆಟ್ಟಿನಲ್ಲಿ ತೇಲುತ್ತಿರುವ ಮುಕ್ತಾ ಅತ್ತಿಗೆಯ ಕೈಯಲ್ಲಿ. ಮುಕ್ತಾ ಅತ್ತಿಗೆ! ಅಣ್ಣ ಮಧ್ವರಾಜನ ಹೆಂಡತಿ, ಇಬ್ಬರು ಮಕ್ಕಳ ತಾಯಿ, ದಕ್ಷಿಣೇಶ್ವರದ ದೇವಸ್ಥಾನದ ರಸ್ತೆಯಲ್ಲಿರುವ ತಮ್ಮ ಉಡುಪಿ ಹೋಟೆಲಿನ ಸಾರಿನ ಪುಡಿ ಇವಳ ಕೈಯಲ್ಲೇ ಆಗಬೇಕು, ಈಜು ಇವತ್ತಿಗೂ ಬಾರದು, ತನ್ನ ಹಳೆಯ ಚೂಡಿದಾರವನ್ನು ಅತ್ತಿಗೆಯ ಮೈಗೆ ಹೊಂದಿಸಲು ಬೆಳಿಗ್ಗೆ ಪಕ್ಕದ ಹೊಲಿಗೆ ಬಿಚ್ಚಬೇಕಾಯಿತು, ಈಗ ಕಾಲಿಗೆ ಎರಡು ಸ್ಕೀ, ನೀರಿನ ಮೇಲೆ ಜಾರುವ ಉದ್ದನೆಯ ಮಣೆಗಳು, ಕಟ್ಟಿಕೊಂಡು, ಅವುಗಳ ಮೂತಿ ನೀರಿನಿಂದ ಹೊರಗೆ ಬರುವಂತೆ ಹಿಡಿಯಲಾಗದೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಮಗುಚುತ್ತಾ, ಗಂಗೆಯ ನೀರು ಬಾಯಿಗೆ ಹೋಗಿ ಉಗಿಯುತ್ತಾ, ನಗುತ್ತಿದ್ದಾಳೆ. ನಗುವುದಕ್ಕೆ ಏನಿದೆ ಇದರಲ್ಲಿ.

ಬಂದ್ ಇಲ್ಲದಿದ್ದರೆ ಇದು ಆಗುವ ಮಾತೇ ಅಲ್ಲ. ದಿಲ್ಲಿ ಸರ್ಕಾರದ ವಿರುದ್ಧ ಇಲ್ಲಿಯ ಸರ್ಕಾರದವರೇ ಕರೆದ ಬಂದ್, ಯಾತಕ್ಕೆ ಎಂದು ಗೋಡೆಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿದ್ದಾರೆ, ಅಣ್ಣ ಅದನ್ನೆಲ್ಲ ಓದುವುದಿಲ್ಲ, ಹಿಂದಿನ ದಿನವೇ ಅಕ್ಕಿ ಉದ್ದು ನೆನೆಸಬೇಡಿ ಎಂದು ಹೇಳಿ ಬೆಳಿಗ್ಗೆ ಕಂಬಳಿ ಎಳೆದು ಮಲಗುತ್ತಾನೆ, ಬಂದ್ ಎಂದರೆ ಅವನಿಗೆ ನಿದ್ದೆ, ಮಕ್ಕಳಿಗೆ ಬೀದಿಯ ನಡುವೆ ಕ್ರಿಕೆಟ್ಟು, ಅತ್ತಿಗೆಗೆ ಏನೆಂದು ಇಷ್ಟು ದಿನ ಯಾರೂ ಕೇಳಿರಲಿಲ್ಲ. ನದಿಗೂ ಬಂದ್, ನೋಡು, ಬೇಲೂರು ಮಠಕ್ಕೆ ಹೋಗುವ ಲಾಂಚುಗಳನ್ನು ದಡದ ಮೆಟ್ಟಿಲ ಘಾಟಿಗೆ ಕಟ್ಟಿಹಾಕಿದ್ದಾರೆ, ಬಾಲಿ ಬ್ರಿಜ್ಜಿನ ಮೇಲೆ ರೈಲಿಲ್ಲ, ಆಚೆ ದಡದ ಸೆಣಬಿನ ಗಿರಣಿಯ ಚಿಮಣಿಯಲ್ಲಿ ಹೊಗೆಯಿಲ್ಲ, ಭರತಕ್ಕೂ ಇಳಿತಕ್ಕೂ ನಡುವೆ ನೀರು ಉಸಿರು ಹಿಡಿದು ನಿಲ್ಲುವ ಸ್ವಲ್ಪ ಹೊತ್ತು, ಫೆಬ್ರವರಿಯ ಬಿಸಿಲು, ಇಂಥ ನೀರಿಗಾಗಿ ನಾನು ಎಷ್ಟು ವರ್ಷ ಬೆಳಗಿನ ಜಾವ ಎದ್ದು ಕಾದಿದ್ದೆ, ಆ ನೀರು ಬಂದದ್ದು ಅತ್ತಿಗೆಯ ಪಾಲಿಗೆ. ದೇವಸ್ಥಾನಕ್ಕೆ ಹೋಗಿ ಬರ್ತೇವೆ, ಕಾಳಿಗೆಂತ ಬಂದಾ, ಎಂದು ಅಣ್ಣನಿಗೆ ಹೇಳಿ ಅತ್ತಿಗೆ ಬಾಗಿಲು ಎಳೆದುಕೊಂಡ ರೀತಿ ನೋಡಬೇಕಿತ್ತು, ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ, ಆಮೇಲೆ ಗಲ್ಲಿಯ ತಿರುವಿನವರೆಗೂ ಉಸಿರು ಬಿಟ್ಟಿರಲಿಲ್ಲವಂತೆ. ರಿಕ್ಷಾ ಇಲ್ಲ, ನಡೆದೇ ಬಂದರು, ತನ್ನ ಬಲಗಾಲು ನಡೆಯುವ ವೇಗಕ್ಕೆ ಅತ್ತಿಗೆ ತನ್ನ ವೇಗ ಇಳಿಸಿದ್ದಳು, ಇಳಿಸಿದ್ದು ಗೊತ್ತಾಗಬಾರದೆಂದು ನಡುನಡುವೆ ನಿಂತು ಮುಚ್ಚಿದ ಅಂಗಡಿಗಳ ಬೋರ್ಡು ಓದುತ್ತಿದ್ದಳು, ಬಂಗಾಳಿ ಅಕ್ಷರ ಅವಳಿಗೆ ಬರುವುದೇ ಇಲ್ಲ.

ರೆಡಿ, ದಿದಿ? ಚಕ್ರದ ಮುಂದೆ ಕೂತ ನಿಮಾಯ್‌ದಾ ಕೇಳಿದ, ಹಿಂದೆ ತಿರುಗಲಿಲ್ಲ, ದೋಣಿ ಓಡಿಸುವವನು ಮುಂದೆಯೇ ನೋಡಬೇಕು, ಹಿಂದೆ ನೋಡುವುದಕ್ಕೆ ಇನ್ನೊಬ್ಬರು ಬೇಕು, ನಿಯಮವೇ ಹಾಗೆ, ನೀರಿನಲ್ಲಿ ಇರುವವರು ಹೆಬ್ಬೆರಳು ಮೇಲೆ ಮಾಡಿದರೆ ವೇಗ, ಕೆಳಗೆ ಮಾಡಿದರೆ ನಿಧಾನ, ತಲೆ ತಟ್ಟಿಕೊಂಡರೆ ವಾಪಸ್ಸು, ಇದನ್ನೆಲ್ಲ ನೋಡಿ ಚಾಲಕನಿಗೆ ಹೇಳುವವರು, ಬಿದ್ದರೆ ಕೆಂಪು ಬಾವುಟ ಎತ್ತುವವರು ಈ ಸೀಟಿನಲ್ಲಿ. ಈ ಸೀಟು ಅತ್ತಿಗೆಯದು. ಭಾನುವಾರಗಳಲ್ಲಿ ಕ್ಲಬ್ಬಿಗೆ ಇಡ್ಲಿ ವಡೆ ಮಾಡಿಕೊಡುವ ಗುತ್ತಿಗೆ ಅಪ್ಪನದಾಗಿತ್ತು, ಪಾತ್ರೆಗಳ ಜೊತೆಗೆ ಬಂದ ಹುಡುಗಿ ವನಮಾಲಾ ಘಾಟಿನಿಂದ ನೀರಿಗೆ ಹಾರಿ ಈಜುವುದನ್ನು ಕಂಡು ಈ ನಿಮಾಯ್‌ದಾನೇ ಒಂದು ದಿನ ಹಗ್ಗ ಕೊಟ್ಟ, ಹಿಡಿದಳು, ಎದ್ದಳು, ಆಮೇಲೆ ಇಳಿಯುವ ಮನಸ್ಸೇ ಬರಲಿಲ್ಲ, ಅಮ್ಮ ಮಾತ್ರ, ಅಷ್ಟು ಗಂಡಸರ ನಡುವೆ ದೋಣಿಯಲ್ಲಿ ನಮ್ಮದೊಂದೇ ಹೆಣ್ಣಾ, ಸಾಧ್ಯವೇ ಇಲ್ಲ, ಎಂದಳು, ಆಗ ಮದುವೆಯಾಗಿ ಉಡುಪಿಯಿಂದ ಬಂದು ಇನ್ನೂ ಒಂದು ಮಳೆಗಾಲ ಕಂಡಿರದ ಅತ್ತಿಗೆ ಒಳಗಿನಿಂದ, ನಾನು ಹೋಗಿ ಕೂತ್ಕೊಳ್ತೇನೆ ಅತ್ತೆ, ಎಂದಳಂತೆ. ಮೊದಲ ದಿನ ವಾಂತಿ ಮಾಡಿದಳು, ನಿಮಾಯ್‌ದಾನ ಬೂಟಿನ ಮೇಲೆ. ಎರಡನೆಯ ದಿನವೂ ಬಂದಳು. ಸೀರೆಯ ಮೇಲೆಯೇ ಜಾಕೆಟ್ಟು ಬಿಗಿದು, ಬಾವುಟವನ್ನು ಸೌಟಿನ ಹಾಗೆ ಹಿಡಿದು, ಕ್ಲಬ್ಬಿಗೆಲ್ಲ ಬೌದಿ, ಅಂದರೆ ಅತ್ತಿಗೆ, ಆದಳು, ಶ್ರೀನಗರದ ಸರೋವರದಲ್ಲಿ ತಾನು ಮೊದಲ ಸಲ ದೇಶಕ್ಕೇ ಮೊದಲಿಗಳಾದಾಗಲೂ ಹಿಂದಿನ ಸೀಟಿನಲ್ಲಿ ಅವಳೇ, ಎರಡು ಸ್ವೆಟರಿನ ಮೇಲೆ ಶಾಲು ಹೊದ್ದು, ಚೀಲದಲ್ಲಿ ಅವಲಕ್ಕಿ ಕಟ್ಟಿಕೊಂಡು. ಪದಕದ ಫೋಟೋದಲ್ಲಿ ಅತ್ತಿಗೆ ಇಲ್ಲ. ಯಾಕೆ ಇಲ್ಲ? ಆಗ ಹೊಳೆದೇ ಇರಲಿಲ್ಲ.

ಹೋಗೋಣ, ಎಂದಳು ವನಮಾಲಾ, ಎಂಜಿನ್ ಗರ್ಜಿಸಿತು, ಹಗ್ಗ ನೀರಿನಿಂದ ಒಮ್ಮೆಗೇ ಎದ್ದು ಗೆರೆಯಾಯಿತು, ಅತ್ತಿಗೆ ಕೈ ಮಡಚಿ ಹಿಡಿಕೆಯನ್ನು ಎದೆಗೆ ಎಳೆದುಕೊಂಡಳು, ಎಲ್ಲರೂ ಮಾಡುವ ತಪ್ಪು, ಎಳೆದವಳು ಹಿಂದಕ್ಕೆ ಬೀಳಲೇಬೇಕು, ಬಿದ್ದಳು, ಬೆನ್ನಡಿಯಾಗಿ, ಎರಡು ಸ್ಕೀ ಆಕಾಶಕ್ಕೆ. ಬಾವುಟ. ಬಾವುಟ ಎತ್ತಬೇಕಿತ್ತು, ನಾನು ನೋಡುತ್ತಾ ಕೂತಿದ್ದೇನೆ, ನಿಮಾಯ್‌ದಾ ಕತ್ತು ತಿರುಗಿಸದೆಯೇ ತಿಳಿದುಕೊಂಡು ಎಂಜಿನ್ ಇಳಿಸಿದ, ಬೌದಿ ಪೋಡ್ಲೆನ್, ಎಂದು ನಕ್ಕ, ಬಿದ್ದರು ಬೌದಿ. ಅಲ್ಲಿ ಕಿತ್ತಳೆ ಜಾಕೆಟ್ಟು ಚೆಂಡಿನ ಹಾಗೆ ಮೇಲೆ ಬಂತು, ಕೆಮ್ಮು, ಆಮೇಲೆ ಎರಡೂ ಕೈ ತಲೆಯ ಮೇಲೆ ಜೋಡಿಸಿ ತೋರಿಸಿದಳು, ಬಿದ್ದವರು ತಮಗೇನೂ ಆಗಿಲ್ಲವೆಂದು ತೋರಿಸುವ ಸನ್ನೆ, ಅದನ್ನು ಅತ್ತಿಗೆಗೆ ಯಾರೂ ಕಲಿಸಬೇಕಾಗಿಲ್ಲ, ಎಷ್ಟು ಸಲ ನೋಡಿದ್ದಾಳೆ. ಒಂದು ಸಲ ಮಾತ್ರ ನೋಡಲಿಲ್ಲ.

ಆ ಸಲ ಏನಿತ್ತು ನೀರಿನಲ್ಲಿ? ಇದೊಂದನ್ನು ತಿಳಿಯಬೇಕೆಂದು ಎಷ್ಟು ಜನರನ್ನು ಕೇಳಿದ್ದಾಳೆ ವನಮಾಲಾ, ಪೂಜೆಯ ವಿಗ್ರಹಗಳನ್ನು ನೀರಿಗೆ ಬಿಟ್ಟ ಮರುವಾರ, ಒಂದೇ ಸ್ಕೀ ಮೇಲೆ ಅಷ್ಟೂ ಮೈ ಓರೆ ಮಾಡಿ ತಿರುಗುತ್ತಿದ್ದೆ, ಭುಜ ನೀರಿಗೆ ತಾಗುವಷ್ಟು, ಪಕ್ಕದಲ್ಲಿ ನೀರಿನ ಗೋಡೆ ಎದ್ದು ಅದರೊಳಗೆ ಬಿಸಿಲು — ಅಷ್ಟರಲ್ಲಿ ಕಾಲಡಿಗೆ ಏನೋ ಸಿಕ್ಕಿತು, ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ, ಹಿಡಿದುಕೊಂಡ ಹಾಗಿತ್ತು, ಮೊಣಕಾಲು ಹಿಂದೆಂದೂ ತಿರುಗದ ಕಡೆಗೆ ತಿರುಗಿತು, ಶಬ್ದ ಬಂತು, ಹಸಿ ಬೆಂಡೆಕಾಯಿ ಮುರಿದ ಹಾಗೆ, ಅಷ್ಟು ಸಣ್ಣ ಶಬ್ದ. ವಿಗ್ರಹದ ಹುಲ್ಲು ಬಿದಿರಿನ ಚೌಕಟ್ಟು ಎಂದ ನಿಮಾಯ್‌ದಾ, ಬಾಳೆಯ ದಿಂಡು ಎಂದರು ಘಾಟಿನಲ್ಲಿ ಮೀಯುತ್ತಿದ್ದವರು, ಶುಶುಕ್ ಇರಬೇಕು, ನದಿಯ ಡಾಲ್ಫಿನ್ನು, ಅದಕ್ಕೆ ಕಣ್ಣು ಕಾಣುವುದಿಲ್ಲ ಪಾಪ, ಎಂದ ಕ್ಲಬ್ಬಿನ ಅಡುಗೆಯವ, ದೇವಿಯ ಕೈಯೇ ಆಗಿರಬೇಕು, ಇಷ್ಟು ಸಾಕು ಮಗಳೇ ಎಂದದ್ದು, ಎಂದಳು ಅಮ್ಮ ಅಳುತ್ತಾ. ಆಸ್ಪತ್ರೆಯ ಹಾಸಿಗೆಯಲ್ಲಿ ನೋವಿಗಿಂತ ಈ ಪ್ರಶ್ನೆಯೇ ದೊಡ್ಡದಾಗಿತ್ತು, ಮೂರ್ಖತನ, ಗೊತ್ತಾದರೆ ಕಾಲು ಮೊದಲಿನ ಹಾಗೆ ಆಗುತ್ತಿತ್ತೇ, ಆದರೂ ಯಾವುದಕ್ಕೆ ಸಿಕ್ಕಿ ಮುಗಿಯಿತು ಎಂದಾದರೂ ಗೊತ್ತಾಗಬೇಕಲ್ಲ ಒಬ್ಬಳಿಗೆ. ಆಗ ತನಗೆ ಕೈಯೆತ್ತಿ ಸನ್ನೆ ಮಾಡಲಾಗಲಿಲ್ಲ, ಸನ್ನೆ ಕಾಣದ ಅತ್ತಿಗೆ, ಈಜು ಬಾರದ ಅತ್ತಿಗೆ, ದೋಣಿ ನಿಲ್ಲುವ ಮೊದಲೇ ನೀರಿಗೆ ಹಾರಿದಳು. ಇಬ್ಬರನ್ನು ಎಳೆಯಬೇಕಾಯಿತು ದಿದಿ, ನಿಮಗಿಂತ ಬೌದಿಯದೇ ಕಷ್ಟ, ಬಾವುಟ ಬಿಡಲೇ ಇಲ್ಲ ಕೈಯಿಂದ, ಎಂದು ನಿಮಾಯ್‌ದಾ ಹೇಳುವಾಗೆಲ್ಲ ಮನೆಯಲ್ಲಿ ನಗು.

ಆಮೇಲೆ ಎರಡು ವರ್ಷ ಮೇಲಾಯಿತು. ಆಪರೇಷನ್ನು, ಪ್ಲಾಸ್ಟರು, ಮರಳಿನ ಚೀಲ ಕಟ್ಟಿ ಕಾಲೆತ್ತುವುದು, ಬಲಮೊಣಕಾಲು ಅರ್ಧಕ್ಕೆ ಮಡಚಿ ನಿಲ್ಲುತ್ತದೆ, ಅದರಾಚೆ ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ ದಿನದಿಂದ ಅವಳು ಹೋಟೆಲಿನ ಗಲ್ಲಾದ ಮೇಲೆ ಕೂತಳು, ನೀರಿನ ಹತ್ತಿರ ಬರಲಿಲ್ಲ, ಸ್ನಾನಕ್ಕೆ ಬಿಟ್ಟು. ಬೇಸರ ಎಂದು ಜನ ತಿಳಿದರು, ಇರಲಿಲ್ಲವೆಂದಲ್ಲ, ಆದರೆ ಯಾರಿಗೂ ಹೇಳದ ಇನ್ನೊಂದಿತ್ತು, ಈ ಮೈಗೆ ಇನ್ನೂ ಏನೇನು ನೆನಪಿದೆ ಎಂಬ ಕುತೂಹಲ, ಬಸ್ಸು ಶ್ಯಾಮಬಜಾರಿನ ತಿರುವಿನಲ್ಲಿ ವಾಲಿದರೆ ಎಲ್ಲರೂ ಕಂಬಿ ಹಿಡಿಯುತ್ತಾರೆ, ತನ್ನ ಸೊಂಟ ತಾನೇ ಒಳಕ್ಕೆ ಓರೆಯಾಗುತ್ತದೆ, ಸಾಂಬಾರಿನ ಕೊಪ್ಪರಿಗೆಯಲ್ಲಿ ಭಟ್ಟರು ಸೌಟು ಎಳೆದರೆ ಹಿಂದೆ ಏಳುವ ಎರಡು ಅಲೆ ಕಂಡು ಕಾಲ ಬೆರಳು ಚಪ್ಪಲಿಯೊಳಗೆ ಬಿಗಿಯುತ್ತದೆ, ಬಿಗಿಯಬೇಡ ಎಂದರೆ ಕೇಳುವುದಿಲ್ಲ, ಬೆರಳುಗಳಿಗೆ ಸುದ್ದಿಯೇ ಮುಟ್ಟಿಲ್ಲ. ಇದನ್ನು ಅತ್ತಿಗೆಗೆ ಹೇಳಬಹುದಿತ್ತು. ಹೇಳಲಿಲ್ಲ. ಅತ್ತಿಗೆ ಮಾತ್ರ ಮೊನ್ನೆ ತೆಂಗಿನಕಾಯಿ ತುರಿಯುತ್ತಾ, ತಲೆ ಎತ್ತದೆ, ಮಾಲಾ, ನಿನಗೊಂದು ಹೇಳುದುಂಟು, ನಗಾಡ್ಬೇಡ, ಎಂದಳು, ಆವತ್ತು ನಾನು ನೀರಿಗೆ ಬಿದ್ದೆ ನೋಡು, ಸತ್ತೇ ಹೋದೆ ಅಂತ ಮಾಡಿದ್ದೆ, ಆದ್ರೆ ಅದು ನನ್ನನ್ನು ಹಿಡ್ಕೊಂಡಿತು ಮಾರಾಯ್ತಿ, ಕೆಳಗಿಂದ, ಯಾರೋ ಎತ್ತಿ ಹಿಡಿದ ಹಾಗೆ, ನೀನು ಅಲ್ಲಿ ನೋವಲ್ಲಿ ಒದ್ದಾಡ್ತಿದ್ದಿ, ನಾನು ಇಲ್ಲಿ ಎಂತ ಯೋಚ್ನೆ ಮಾಡ್ತಿದ್ದೆ ಗೊತ್ತುಂಟಾ, ಇಷ್ಟು ವರ್ಷ ಇದರ ಮೇಲೆ ಕೂತು ಹೋದೆ, ಒಂದು ದಿನವೂ ಮುಟ್ಟಿ ನೋಡ್ಲಿಲ್ಲ ಅಂತ, ನನಗೊಂದ್ಸಲ ನಿಂತು ನೋಡ್ಬೇಕು. ತುರಿ ಬಿಳಿಬಿಳಿಯಾಗಿ ತಟ್ಟೆಗೆ ಬೀಳುತ್ತಿತ್ತು. ನಿಂತು ಅಂದರೆ? ನೀನು ನಿಲ್ತಿದ್ದಿಯಲ್ಲ, ಹಾಗೆ. ಆಗ ಎದೆಯಲ್ಲಿ ಒಂದು ಮುಳ್ಳು ಆಡಿತು, ಈಗಲೂ ಇದೆ, ಏನೆಂದು ಕರೆಯುವುದು ಇದನ್ನು, ಹೊಟ್ಟೆಕಿಚ್ಚೇ, ಅತ್ತಿಗೆಯ ಮೇಲೆಯೇ, ಥೂ, ಎರಡು ವರ್ಷ ತನ್ನ ಕಾಲಿಗೆ ಬಿಸಿ ಎಣ್ಣೆ ತಿಕ್ಕಿದ ಕೈಗಳ ಮೇಲೆ, ಆದರೂ ನದಿ ನನ್ನದು, ಹಗ್ಗ ನನ್ನದು, ನನ್ನಿಂದ ಕಿತ್ತುಕೊಂಡದ್ದನ್ನು ಇನ್ನೊಬ್ಬರು ರುಚಿ ನೋಡುವುದೇ, ನಿಮಾಯ್‌ದಾನ ಹತ್ತಿರ ಹೇಳ್ತೇನೆ, ಎಂದಷ್ಟೇ ಹೇಳಿ ಎದ್ದು ಬಂದಿದ್ದಳು. ಹೇಳಿದಳು ಕೂಡ. ಆದರೆ ಏಳುವುದು ಹೇಗೆಂದು ಅತ್ತಿಗೆಗೆ ಒಂದು ಮಾತು ಹೇಳಿಕೊಡಲಿಲ್ಲ, ಜೆಟ್ಟಿಯಲ್ಲಿ ಸ್ಕೀ ಕಟ್ಟುವಾಗಲೂ ಇಲ್ಲ, ಅತ್ತಿಗೆಯೂ ಕೇಳಲಿಲ್ಲ, ಅಷ್ಟು ವರ್ಷ ನೋಡಿದ್ದೇನಲ್ಲ ಎಂದುಕೊಂಡಳೋ, ಕೇಳಿದರೆ ನೋಯುತ್ತದೆ ಎಂದುಕೊಂಡಳೋ.

ಆಬಾರ್? ಎಂದ ನಿಮಾಯ್‌ದಾ, ಮತ್ತೊಮ್ಮೆಯೇ? ದೋಣಿ ಸುತ್ತಿ ಬಂದು ಹಗ್ಗವನ್ನು ಅತ್ತಿಗೆಯ ಹತ್ತಿರ ತಂದಿತು, ಹಿಡಿದಳು, ಗರ್ಜನೆ, ಗೆರೆ, ಈ ಸಲ ಎಳೆಯಲಿಲ್ಲ, ಏಳಲು ಅವಸರ ಮಾಡಿದಳು, ನೀರು ಎತ್ತುವ ಮೊದಲೇ ಕಾಲು ನೆಟ್ಟಗೆ ಮಾಡಿದಳು, ಮುಂದಕ್ಕೆ ಮುಗ್ಗರಿಸಿದಳು, ಮುಖವಡಿಯಾಗಿ, ಹಿಡಿಕೆ ಬಿಡದೆ, ಬಿಡಿ, ಬಿಡಿ ಅತ್ತಿಗೆ, ಬಿಡುತ್ತಿಲ್ಲ, ದೋಣಿ ಎಳೆಯುತ್ತಿದೆ, ನೀರೊಳಗೆ ಒಂದು ಕಿತ್ತಳೆ ಗೀರು — ಬಾವುಟ ಎತ್ತಿದ್ದಾಳೆ ವನಮಾಲಾ, ಯಾವಾಗ ಎತ್ತಿದಳೋ, ನಿಂತುಬಿಟ್ಟಿದ್ದಾಳೆ, ಓಡುವ ದೋಣಿಯಲ್ಲಿ ನಿಲ್ಲಬಾರದು, ನಿಲ್ಸು ನಿಮಾಯ್‌ದಾ, ಥಾಮೋ, ಎಂಜಿನ್ ಸತ್ತಿತು. ನದಿಯ ಮೇಲೆ ಏನೂ ಇಲ್ಲ. ಹೀಗೆಯೇ ಇತ್ತೇ, ಆವತ್ತು ಈ ಸೀಟಿನಿಂದ ಹೀಗೆಯೇ ಕಂಡಿತೇ, ಖಾಲಿ ನೀರು, ಮೇಲೆ ಬಾರದ ಒಂದು ತಲೆ, ತಾನು ಅಲ್ಲಿ ಬೆಂಡೆಕಾಯಿಯ ಶಬ್ದ ಕೇಳುತ್ತಿದ್ದಾಗ ಇಲ್ಲಿ ಇವಳು ಇದನ್ನು ನೋಡುತ್ತಿದ್ದಳೇ, ಹಾಗಾದರೆ ಇವಳು ಹಾರಿದ್ದು ಹುಚ್ಚಿನಿಂದಲ್ಲ, ಈ ಸೀಟಿನಲ್ಲಿ ಕೂತಿರುವುದಕ್ಕೇ ಆಗುವುದಿಲ್ಲ, ನಮ್ಮ ಮನೆಯಲ್ಲಿ ಇಷ್ಟು ದಿನ ಯಾವುದಕ್ಕೆ ನಕ್ಕೆವು — ಕಿತ್ತಳೆ ಬಂತು ಮೇಲೆ. ತಲೆ ಬಂತು. ಕೂದಲೆಲ್ಲ ಮುಖದ ಮೇಲೆ, ಅದರ ಹಿಂದಿನಿಂದ ಕೆಮ್ಮು, ಜೋಡಿಸಿದ ಕೈಗಳು ಮೇಲೆ, ಏನಾಗಿಲ್ಲ, ಏನಾಗಿಲ್ಲ.

ದೋಣಿ ಹತ್ತಿರ ಹೋಯಿತು. ಸಾಕು ಅತ್ತಿಗೆ, ಹತ್ತಿ ಮೇಲೆ, ಎನ್ನಬೇಕೆಂದು ಬಾಯಿ ತೆರೆದಿದ್ದಳು. ಅತ್ತಿಗೆ ದೋಣಿಯ ಅಂಚು ಹಿಡಿದು ತಲೆ ಎತ್ತಿದಳು, ಮೂಗಿನಿಂದ ನೀರು, ಕಣ್ಣು ಕೆಂಪು, ಮಾಲಾ, ಎಂದಳು, ಎಂತ ತಪ್ಪು ಮಾಡ್ತಿದ್ದೇನೆ ನಾನು, ಹೇಳಿ ಕೊಡು ಮಾರಾಯ್ತಿ, ನನಗೆ ಹೊರಗಿಂದ ಮಾತ್ರ ಗೊತ್ತು. ಹೊರಗಿನಿಂದ ಮಾತ್ರ. ಇವಳಿಗೆ ಹೊರಗಿನಿಂದ, ನನಗೆ ಒಳಗಿನಿಂದ, ಒಂದೇ ಹಗ್ಗದ ಎರಡು ತುದಿಯಲ್ಲಿ ಇಷ್ಟು ವರ್ಷ. ನಾನು ಹೇಗೆ ಕಾಣ್ತಿದ್ದೆ ಅತ್ತಿಗೆ? ಕೇಳಿಬಿಟ್ಟಳು ವನಮಾಲಾ, ಇಂಥ ಹೊತ್ತಿನಲ್ಲಿ, ಕೇಳಬೇಕೆಂದೂ ಇರಲಿಲ್ಲ. ಅತ್ತಿಗೆ ಉಸಿರು ಹಿಡಿದು ಯೋಚಿಸಿದಳು, ಬೇಕಾದ್ದನ್ನೇ ಕೇಳಿದ್ದಾಳೆ ಎಂಬಂತೆ, ನೀನಾ, ನೀನು ಯಾರೋ ದೂರದಿಂದ ಕರೆದದ್ದು ಕೇಳಿಸಿಕೊಳ್ಳುವವರ ಹಾಗೆ ಇರ್ತಿದ್ದಿ, ನಾನು ಇಲ್ಲಿ ಕೂತು, ಯಾರು ಕರೀತಾರೆ ಇವಳನ್ನು, ಎಂತ ಹೇಳ್ತಾರೆ, ನನಗ್ಯಾಕೆ ಕೇಳುದಿಲ್ಲ ಅಂತ. ಮುಳ್ಳು ಎಲ್ಲಿ ಹೋಯಿತು? ಹುಡುಕಿದಳು, ಇದೆ, ಆದರೆ ಚುಚ್ಚುವುದನ್ನು ಬಿಟ್ಟಿದೆ. ಕೇಳಿ ಇಲ್ಲಿ, ಎಂದಳು, ದೋಣಿಯ ಅಂಚಿಗೆ ಬಗ್ಗಿ, ಗಂಟಲು ಯಾಕೋ ತನಗೆ ಕಲಿಸಿದ ಹಳೆಯ ಕೋಚಿನ ಗಂಟಲಾಯಿತು, ನೀವು ಏಳಬೇಡಿ, ಏಳುವ ಯೋಚನೆಯೇ ಬೇಡ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ ಹಾಗೆ ಕೂತಿರಿ, ಮೊಣಕಾಲು ಎದೆಗೆ, ಕೈ ನೆಟ್ಟಗೆ, ಎಳೆಯಬೇಡಿ, ಹಗ್ಗ ಎಳೀಲಿ, ನೀರೇ ನಿಮ್ಮನ್ನು ಎಬ್ಬಿಸ್ತದೆ, ಎಬ್ಬಿಸುವವರೆಗೆ ಸುಮ್ನೆ ಕೂತಿರಿ. ಸುಮ್ನೆ ಕೂರುದಾ? ಎಂದಳು ಅತ್ತಿಗೆ, ಅದೊಂದು ನನಗೆ ಬರುದಿಲ್ಲ ನೋಡು, ಎಂದು ಕೈಬಿಟ್ಟು ಹಿಂದಕ್ಕೆ ತೇಲಿದಳು.

ನೀರು ಇಳಿಯತೊಡಗಿದೆ, ಇನ್ನು ಸ್ವಲ್ಪ ಹೊತ್ತು ಅಷ್ಟೇ, ಘಾಟಿನಲ್ಲಿ ಮೀಯುವವರು ಸೊಂಟದವರೆಗಿನ ನೀರಿನಲ್ಲಿ ನಿಂತು ನೋಡುತ್ತಿದ್ದಾರೆ, ಬಂದ್ ದಿನ ಇದಾದರೂ ಇದೆಯಲ್ಲ ನೋಡಲು, ಹಗ್ಗ ಬಿಗಿಯಿತು, ಗರ್ಜನೆ, ವನಮಾಲಾಳ ಮೊಣಕಾಲು ಅರ್ಧಕ್ಕೆ ಮಡಚಿ ನಿಂತಿತು, ಬೆರಳು ಬಿಗಿಯಿತು, ಕೂತಿರಿ, ಕೂತಿರಿ, ಕೂತಿರಿ ಅತ್ತಿಗೆ, ಅತ್ತಿಗೆಯ ಮುಂದೆ ನೀರು ಗುಡ್ಡವಾಯಿತು, ಗುಡ್ಡದ ಹಿಂದೆ ಮುಖ ಮರೆಯಾಯಿತು, ಗುಡ್ಡ ಒಡೆಯಿತು, ಕೂತಿದ್ದಾಳೆ, ನೀರಿನ ಮೇಲೆ ಕೂತಿದ್ದಾಳೆ, ಒಲೆಯ ಮುಂದೆ ಕೂತ ಹಾಗೆಯೇ, ಮೆಲ್ಲಗೆ, ಯಾರೋ ಕಂಕುಳಿಗೆ ಕೈ ಕೊಟ್ಟ ಹಾಗೆ, ಏಳುತ್ತಿದ್ದಾಳೆ. ಎದ್ದಳು. ದಿದಿ, ಬೌದಿ ದಾಡಿಯೇಛೆನ್? ನಿಮಾಯ್‌ದಾ ಮುಂದೆ ನೋಡುತ್ತಲೇ ಕೂಗುತ್ತಿದ್ದಾನೆ, ನಿಂತರಾ ಬೌದಿ, ಹೇಳಬೇಕು ಅವನಿಗೆ, ಈ ಸೀಟಿನವರ ಕೆಲಸ ಅದು, ಇದೇನು ಈ ಮುಖ, ಭಯವಿಲ್ಲ, ನಗುವೂ ಹೋಗಿದೆ, ಒದ್ದೆ ಕೂದಲು ಅಂಟಿದ ಕೆನ್ನೆ, ತೆರೆದ ಬಾಯಿ, ಮೂವತ್ತು ದಾಟಿದ ಹೆಂಗಸಿನ ಮುಖದಲ್ಲಿ ಇದುವರೆಗೆ ಯಾರೂ ಕರೆಯದ ಒಬ್ಬಳು — ಬಲಗೈ ಹಿಡಿಕೆ ಬಿಟ್ಟಿತು. ಬಿಡಬಾರದು, ಒಂದು ಕೈಯಲ್ಲಿ ಆಗುವುದಿಲ್ಲ, ಬೀಳುತ್ತಾಳೆ, ಬಾವುಟ ಎಲ್ಲಿ, ಬೀಳಲಿಲ್ಲ. ಕೈ ಬೀಸಲಿಲ್ಲ, ಸನ್ನೆ ಮಾಡಲಿಲ್ಲ, ಎದೆಯ ಮೇಲಿಂದ ಹಾದು ಎಡಭುಜಕ್ಕೆ ಹೋಯಿತು, ಗಾಳಿಗೆ ಜಾರಿದ ಸೆರಗನ್ನು ಎಳೆದುಕೊಳ್ಳಲು. ಸೆರಗಿಲ್ಲ. ಕೈ ಜಾಕೆಟ್ಟನ್ನು ತಡವಿತು, ಮತ್ತೆ ತಡವಿತು, ಸೆರಗಿಲ್ಲ, ದಿದಿ ಹೇಳಿ, ನಿಂತರಾ, ಗಂಗೆಯ ನಟ್ಟನಡುವೆ ಎರಡು ಮಣೆಗಳ ಮೇಲೆ ನಿಂತು ಭುಜದ ಮೇಲೆ ಸೆರಗು ಹುಡುಕುವ ಕೈ, ಅಲ್ಲಿಯೇ, ಕಿತ್ತಳೆಯ ಮೇಲೆ, ಏನೂ ಸಿಗದೆ, ಸಿಗದಿದ್ದರೂ ಇಳಿಯದೆ, ಆ ಕೈ.